ಹೋಗುವ ದಾರಿಯ ಅಗಲ

ಫ್ರಿಜ್ಜಿನ ತಲೆಯ ಮೇಲೆ ಕೂತಿದೆ ನನ್ನ ಸರ್ವರು:
ತೆರೆ ಒಡೆದ ಹಳೇ ಲ್ಯಾಪ್‌ಟಾಪು,
ಸಡಿಲವಾದ ಕೀಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು.
ಹನ್ನೊಂದು ವ್ಯಾಟ್ ಕುಡಿಯುತ್ತದೆ, ಬೆಕ್ಕಿಗಿಂತ ಕಡಿಮೆ ಖರ್ಚು.
ಬೆಕ್ಕೂ ಅದರ ಬಿಸಿಗೇ ಹೋಗಿ ಮಲಗುತ್ತದೆ.

ಅದರ ಹೊಟ್ಟೆಯಲ್ಲಿ
ವಾಲ್ಪರೈಸೊ ಬಂದರಿನ ಮೇಲೆ, ಬಾರೋನ್ ಬೆಟ್ಟದ
ಚೆಸ್ ಕ್ಲಬ್ಬಿನ ಮೂವತ್ತೊಂದು ವರ್ಷದ ಆಟಗಳು.
ಕ್ಲಬ್ಬು ಮುಚ್ಚಿ ಅಲ್ಲೀಗ ಟೈರಿನಂಗಡಿ.
ಕುದುರೆ ಎಲ್ಲಿ ಜಿಗಿಯಿತು,
ಯಾರು ಸೋಲೊಪ್ಪಿ ರಾಜನನ್ನು ಮಲಗಿಸಿ
ಟೋಪಿ ಇಟ್ಟುಕೊಂಡು ಮಾತಿಲ್ಲದೆ ಹೊರಟರು,
ಬರೆದಿಟ್ಟವಳು ನಾನು, ಎದುವಿಹಿಸ್ ಕಿಲೋದ್ರಾನ್.
ಟೈಪು ಮಾಡಿ ಮುಗಿಸಲು ಎರಡು ಚಳಿಗಾಲ ಹಿಡಿಯಿತು.

ಈಗ ಬೇಕಿರುವುದು ಒಂದು ದಾರಿ.

ಕಂಪನಿಯ ಹುಡುಗ ಫೋನಿನಲ್ಲಿ ರಾಗ ತೆಗೆದ:
"ಆರುನೂರು ಮೆಗಾ, ಸೆನ್ಯೋರಾ!
ಕಣ್ಣು ಮಿಟುಕಿಸುವಷ್ಟರಲ್ಲಿ ಸಿನಿಮಾ ಇಳಿಯುತ್ತೆ."
ಇಳಿಯುವುದಿರಲಿ ಮಗು, ಏರುವುದೆಷ್ಟು?
ಹಾಳೆ ಮಗುಚುವ ಸದ್ದು.
ಯಾರೂ ಕೇಳಿರಲಿಲ್ಲವಂತೆ.
ಕೊನೆಗೆ ಗುಟ್ಟು ಹೇಳುವವನಂತೆ: ಹತ್ತು.

ಬರುವುದಕ್ಕೆ ಹೆದ್ದಾರಿ, ಹೋಗುವುದಕ್ಕೆ ಸಂದಿ.
ಇವರಿಗೆ ನಮ್ಮ ಬಾಯಿ ಕಾಣುತ್ತದೆ, ಕೈ ಕಾಣುವುದಿಲ್ಲ.
ನಮ್ಮ ಮನೆಯಲ್ಲೂ ಕೊಡುವಂಥದ್ದು ಏನೋ ಇರಬಹುದೆಂದು
ದರಪಟ್ಟಿ ಬರೆದವನಿಗೆ ಹೊಳೆದೇ ಇಲ್ಲ.

ಅಗ್ಗದ್ದರಲ್ಲಿ ವಿಳಾಸವೂ ನನ್ನದಲ್ಲ.
ಇಡೀ ಬೆಟ್ಟಕ್ಕೆ ಒಂದೇ ಬಾಗಿಲು;
ಒಳಗಿಂದ ಯಾರು ಬೇಕಾದರೂ ಹೊರಡಿ,
ಹೊರಗಿಂದ ಬಂದವನು ಮಾತ್ರ
ಯಾರ ಮನೆ ಎಲ್ಲಿ ಎಂದು ಕೇಳಿ ಕೇಳಿ ವಾಪಸು.
ಖಾಯಂ ವಿಳಾಸ?
"ಅದು ವ್ಯಾಪಾರಿಗಳಿಗೆ. ತಮ್ಮದು ಯಾವ ವ್ಯಾಪಾರ?"
ಸೋತ ಆಟಗಳದ್ದು, ಅಂದೆ.
"ಐವತ್ತೆರಡು ಸಾವಿರ ಪೆಸೊ," ಅಂದ.

ಗ್ಯಾಸಿನ ಬಿಲ್ಲಿನ ಬೆನ್ನಿಗೆ ಲೆಕ್ಕ ಹಾಕಿದೆ.
ರೌಟರಿನ ಬಾಡಿಗೆ, ತಂತಿ ಎಳೆದ ಕೂಲಿ,
ಆರು ತಿಂಗಳು ಜೇನು, ಏಳನೆಯದರಿಂದ ಜೇನುನೊಣ.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಒಪ್ಪಿದೆ.
ಈ ಹಾಸಿಗೆಯಲ್ಲಿ ಮಂಡಿ ಮಡಚಿದರೂ ಪಾದ ಹೊರಗೆ.

ಆಗ ಸಿಕ್ಕವನು ಎಲಿಯೆಸೆರ್,
ಬೇಕರಿಯವನ ಸೋದರಳಿಯ, ಉಗುರಲ್ಲಿ ಇನ್ನೂ ಹಿಟ್ಟು.
ಮಾಡಿನ ಮೇಲೆ ಆಂಟೆನಾ ನಿಲ್ಲಿಸಿ
ಹದಿನೇಳು ಮನೆಗೆ ಹಂಚುತ್ತಾನೆ.
ಬರಲು ಮೂವತ್ತು, ಹೋಗಲೂ ಮೂವತ್ತು,
ನನ್ನದೇ ಹೆಸರಿನ ಬಾಗಿಲು, ಹದಿನೆಂಟು ಸಾವಿರ.
ಕರಾರು ಪತ್ರವಿಲ್ಲ, ಎಚ್ಚರಿಕೆ ಉಂಟು:
ಉತ್ತರದ ಬಿರುಗಾಳಿ ಬಂದರೆ ಆಂಟೆನಾ ಮುಖ ತಿರುಗಿಸುತ್ತದೆ,
ಬೆಳಗಿನ ನಾಲ್ಕಕ್ಕೆ ಭಟ್ಟಿ ಹೊತ್ತಿದಾಗ
ಒಮ್ಮೊಮ್ಮೆ ಫ್ಯೂಸು ಹೋಗುತ್ತದೆ.

ನಿಜ ಹೇಳಿಬಿಡುತ್ತೇನೆ.
ಒಂದು ಆಟ ಪೋಸ್ಟ್‌ಕಾರ್ಡಿನಷ್ಟೂ ಭಾರವಿಲ್ಲ.
ಹತ್ತೇ ಸಾಕಾಗುತ್ತಿತ್ತು.
ಆದರೂ ಆ ಹುಡುಗ ಹತ್ತು ಎಂದ ದನಿ
ಗಂಟಲಿಗೆ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಬಾಗಿಲು ತೆರೆದ ನಾಲ್ಕನೇ ನಿಮಿಷಕ್ಕೆ ಮೊದಲ ಅತಿಥಿ.
ಮನುಷ್ಯನಲ್ಲ, ಎಲ್ಲಿಯದೋ ಯಂತ್ರ,
ಬೀಗಕ್ಕೆ ಸುಳ್ಳು ಕೀಲಿ ತುರುಕಿತು
ಸಾವಿರದ ಇನ್ನೂರು ಸಲ.
ಇರಲಿ. ಕಳ್ಳನಿಗಾದರೂ ಮನೆ ಗೊತ್ತಾಯಿತಲ್ಲ.

ಹತ್ತೊಂಬತ್ತನೇ ರಾತ್ರಿ, ನಿದ್ದೆ ಬಾರದೆ ಲಾಗು ನೋಡುತ್ತಿದ್ದೆ.
ದಕ್ಷಿಣದ ಕೊನೆಯಿಂದ, ಪುಂತಾ ಅರೇನಾಸ್ ಕಡೆಯಿಂದ, ಯಾರೋ
ಎಂಬತ್ತೇಳರ ಜೂನಿನ ಒಂದು ಆಟ ತೆರೆದರು.
ನಡೆಗೊಂದು ಪುಟ ಮಾಡಿದ್ದೇನೆ, ಹಾಗಾಗಿ ಗೊತ್ತು:
ಇಪ್ಪತ್ತಮೂರನೆಯದರಲ್ಲಿ ನಲವತ್ತು ನಿಮಿಷ ನಿಂತರು.
ಆನೆ ಹೋದದ್ದು ಅಲ್ಲೇ.
ಕರಿ ಕಾಯಿ ಆಡಿದವನು ಅಂದು ಬೆರಳು ಕಚ್ಚಿಕೊಂಡಿದ್ದ;
ಅದನ್ನು ನಾನು ಬರೆದಿಲ್ಲ,
ಅದಕ್ಕೆ ಚಿಹ್ನೆಯಿಲ್ಲ.
ಇಪ್ಪತ್ತನಾಲ್ಕಕ್ಕೆ ಕೈ ಚಾಚಿದರು, ಗಡಿಯಾರ ನಾಲ್ಕು ಹೊಡೆಯಿತು,
ದಾರಿ ಕಡಿಯಿತು.

ಚಪ್ಪಲಿ ಮೆಟ್ಟಿ ಹೊರಟೆ.
ನೂರ ಅರವತ್ತೆರಡು ಮೆಟ್ಟಿಲು, ಮಂಜು,
ಕೆಳಗೆಲ್ಲೋ ಕಾಣದ ಬಂದರು.
ಅರ್ಧ ದಾರಿಗೇ ರೊಟ್ಟಿಯ ವಾಸನೆ.
ಎಲಿಯೆಸೆರ್, ಏಳೋ,
ಒಬ್ಬರ ನಡೆ ಬಾಕಿಯಿದೆ.